ಬೆನ್ನಿನ ಅಳತೆಗೆ ತಕ್ಕ ಚೀಲ

ಮುಳ್ಳಯ್ಯನಗಿರಿಯ ಸರ್ಪದಾರಿ ಹತ್ತಿ, ಬಾಬಾಬುಡನ್‌ಗಿರಿ ದಾಟಿ ಕೆಮ್ಮಣ್ಣುಗುಂಡಿಗೆ ಇಳಿಯುವ ಚಾರಣ. ಮೊದಲ ದಿನ ಸಂಜೆಗೇ ನನ್ನ ಎರಡೂ ಹೆಗಲ ಮೇಲೆ ಬಾಸುಂಡೆ ಎದ್ದಿತ್ತು. ಬೆನ್ನಲ್ಲಿದ್ದದ್ದು 65 ಲೀಟರಿನ ಚೀಲ. ಜಾಗವಿದೆಯೆಂದು ತುಂಬುತ್ತಲೇ ಹೋಗಿದ್ದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆಯಿತ್ತು: ಚೀಲದ ಬೆನ್ನು ನನ್ನ ಬೆನ್ನಿಗಿಂತ ಉದ್ದ. ಸೊಂಟದ ಪಟ್ಟಿ ಮೂಳೆಯ ಮೇಲೆ ಕೂರದೆ ಕೆಳಕ್ಕೆ ಜಾರಿ, ಹೊರೆಯೆಲ್ಲ ಹೆಗಲಿಗೆ ಬಿದ್ದಿತ್ತು.

ಚಿಕ್ಕಮಗಳೂರಿಗೆ ಮರಳಿದ ಮೇಲೆ ಅಮ್ಮನ ಹೊಲಿಗೆಯ ಟೇಪಿನಿಂದ ಬೆನ್ನು ಅಳೆಸಿಕೊಂಡೆ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ ಹಿಡಿದು, ಸೊಂಟದ ಮೂಳೆಗಳ ಮೇಲೆ ಕೈಯಿಟ್ಟಾಗ ಹೆಬ್ಬೆರಳುಗಳು ಹಿಂದೆ ಎದುರುಬದುರಾಗುವ ಗೆರೆಯವರೆಗೆ. 44 ಸೆಂಟಿಮೀಟರ್ ಬಂತು. ನಾನು ಎತ್ತರದ ಆಳು, ಆದರೆ ಆ ಎತ್ತರವೆಲ್ಲ ಕಾಲಿನಲ್ಲಿದೆ. ಮೈಯೆತ್ತರ ನೋಡಿ ಚೀಲ ಕೊಳ್ಳಬೇಡಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಹೊಸ ಚೀಲ ಕೊಳ್ಳಲು ಎರಡನೆಯ ಸಲ ಅಂಗಡಿಗೆ 10 ಕೆ.ಜಿ. ಅಕ್ಕಿ ಹೊತ್ತುಕೊಂಡೇ ಹೋದೆ. ಖಾಲಿ ಚೀಲ ಯಾರ ಬೆನ್ನಿಗೂ ಹಿತವೇ. ಅಕ್ಕಿ ತುಂಬಿ, ಪಟ್ಟಿಗಳನ್ನೆಲ್ಲ ಸಡಿಲಿಸಿ, ಮೊದಲು ಸೊಂಟದ ಪಟ್ಟಿ ಬಿಗಿದೆ. ಆಮೇಲೆ ಹೆಗಲಿನದು, ಕೊನೆಗೆ ಎದೆಯದು. ಮೆಟ್ಟಿಲು ಹತ್ತಿ ಇಳಿದೆ, ಬಗ್ಗಿ ಬೂಟಿನ ಲೇಸು ಕಟ್ಟಿದೆ. ಅರ್ಧ ಗಂಟೆಯ ನಂತರವೂ ಭಾರ ಸೊಂಟದಲ್ಲೇ ನಿಂತಿತ್ತು. ಅಂಗಡಿಯವರು ಬೇಸರಿಸಲಿಲ್ಲ. ಬೇಸರಿಸಿದ್ದರೂ ನಾನು ಬಿಡುತ್ತಿರಲಿಲ್ಲ.

ಬಾಳಿಕೆಗೆ ನೋಡಿದ್ದು ಬಣ್ಣವನ್ನಲ್ಲ, ಹೆಗಲಪಟ್ಟಿ ಚೀಲಕ್ಕೆ ಸೇರುವ ಜಾಗದ ಹೊಲಿಗೆಯನ್ನು. ಎಳೆತವೆಲ್ಲ ಅಲ್ಲಿಯೇ. ತಳದ ಬಟ್ಟೆ 420 ಡೆನಿಯರ್ (ನೂಲಿನ ದಪ್ಪದ ಅಳತೆ) ನೈಲಾನ್. ಬಂಡೆಯ ಮೇಲೆ ಇಳಿಸಿದರೂ, ಲಂಟಾನದ ಮುಳ್ಳು ತಾಗಿದರೂ ತಡೆದಿದೆ. ಬಕಲ್ ಮುರಿದರೆ ಹೊಲಿಗೆ ಬಿಚ್ಚದೆ ಬದಲಿಸಲು ಬರುತ್ತದೆಯೇ ಎಂಬುದನ್ನೂ ನೋಡಿಕೊಂಡೆ. ಕೊಂಡದ್ದು 48 ಲೀಟರಿನದು. ನನ್ನ ತೂಕ 62 ಕೆ.ಜಿ.; ನೀರೂ ಸೇರಿ 12 ಕೆ.ಜಿ. ದಾಟದಂತೆ ತುಂಬುತ್ತೇನೆ. ಅಕ್ಕಿ, ಒಲೆ, ನೀರು ಬೆನ್ನಿಗೆ ಒತ್ತಿಕೊಂಡು ನಡುವೆ ಇರಬೇಕು. ಹೊರಗಿನ ಜೇಬಿಗೆ ಭಾರ ಹಾಕಿದರೆ ಇಳಿಜಾರಿನಲ್ಲಿ ಚೀಲ ಹಿಂದಕ್ಕೆ ಜಗ್ಗುತ್ತದೆ.

ಇನ್ನು ನಮ್ಮ ಮಲೆನಾಡಿನ ಮಳೆ. ಹೊರಹೊದಿಕೆಯೊಂದನ್ನೇ ನಂಬುವಂತಿಲ್ಲ, ಕತ್ತಿನಿಂದ ಇಳಿದ ನೀರು ಬೆನ್ನಿನ ಕಡೆಯಿಂದ ಚೀಲದೊಳಗೆ ಸೇರುತ್ತದೆ. ಅದಕ್ಕೇ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವಿಟ್ಟು, ಬಾಯಿ ತಿರುಚಿ ಮಡಚುತ್ತೇನೆ. ಕಳೆದ ಸಲ ಬಾಬಾಬುಡನ್‌ಗಿರಿಯ ಹುಲ್ಲುಗಾವಲಿನಲ್ಲಿ ಎರಡು ಗಂಟೆ ಬಿಡದೆ ಮಳೆ ಹೊಯ್ಯಿತು. ರಾತ್ರಿ ತೆಗೆದ ಕಂಬಳಿಯ ಅಂಚೂ ಒದ್ದೆಯಾಗಿರಲಿಲ್ಲ.