ಹರಿಹರದ ಹೊಳೆಯಲ್ಲಿ ಒಂಟಿ ತೆಪ್ಪ, ರಬ್ಬರ್ ಕಪ್ಪೆ, ಕೊರಮೀನು

ತೆಪ್ಪದಲ್ಲಿ ಒಬ್ಬನೇ ಕೂತು ಲೂರ್ (ನಕಲಿ ಎರೆ) ಎಸೆದು ಕೊರಮೀನು ಹಿಡಿಯೋಕೆ ಆಗಲ್ಲ ಅಂತ ಹೊಳೆ ದಂಡೆಯಲ್ಲಿ ಎಲ್ಲರೂ ಹೇಳಿದ್ದರು. ಬಲೆ ಹಾಕುವ ಹಿರಿಯರೊಬ್ಬರಂತೂ, "ಇಬ್ಬರು ಬೇಕಪ್ಪ. ಒಬ್ಬ ಹುಟ್ಟು ಹಾಕ್ಬೇಕು, ಒಬ್ಬ ಗಾಳ ಹಾಕ್ಬೇಕು. ಒಬ್ಬನೇ ಹೋದ್ರೆ ಬುಗುರಿ ತಿರುಗಿದಂಗೆ ತಿರುಗ್ತೀಯ" ಅಂದರು. ಈ ಬೇಸಿಗೆಯಲ್ಲಿ ಅವರ ಕಣ್ಣೆದುರೇ ಎರಡು ಕಿಲೋ ದಾಟಿದ ಮೀನು ದಂಡೆಗೆ ತಂದೆ.

ತೊಂದರೆಯೆಲ್ಲ ತೆಪ್ಪದ್ದೇ. ದುಂಡಗಿದೆ, ತಳಕ್ಕೆ ಹಿಡಿತವಿಲ್ಲ. ಬಲಕ್ಕೆ ರಾಡ್ ಬೀಸಿದರೆ ಎಡಕ್ಕೆ ತಿರುಗುತ್ತದೆ. ಲೈನ್ ಸುತ್ತುವಷ್ಟರಲ್ಲಿ ಜೊಂಡು ಬೆನ್ನ ಹಿಂದೆ!

ಮೊದಲು ಕಲ್ಲು ಕಟ್ಟಿ ಬಿಟ್ಟೆ. ತೆಪ್ಪ ಅತ್ತಿಂದಿತ್ತ ಓಲಾಡಿತು. ಎರಡು ಕಲ್ಲು ಕಟ್ಟಿದೆ. ನಿಂತಿತು, ಆದರೆ ಒಂದೇ ಜಾಗದಲ್ಲಿ ಎಷ್ಟು ಹೊತ್ತು ಎಸೆಯೋದು? ಕಲ್ಲು ಎತ್ತಿ ಇಳಿಸುವ ಸದ್ದಿಗೇ ಮೀನು ಜಾಗ ಖಾಲಿ ಮಾಡುತ್ತದೆ. ಮರಳಿನ ಚೀಲ ಎಳೆದುಕೊಂಡು ಹೋದರೆ ಬಂಡೆಗೆ ಉಜ್ಜಿ ಹರಿಯಿತು. ಆನ್‌ಲೈನಲ್ಲಿ ಮಡಚುವ ಲಂಗರು ತರಿಸಿದೆ, ₹900 ಹತ್ತಿರ. ಬಂಡೆ ಸಂದಿಗೆ ಸಿಕ್ಕಿ ಹಗ್ಗವನ್ನೇ ಕೊಯ್ಯಬೇಕಾಯಿತು.

ಕೊನೆಗೆ ಕೈ ಹಿಡಿದದ್ದು ಗುಜರಿಯ ಸರಪಳಿ. 4 ಕಿಲೋ ಇರಬಹುದು, ₹250ರೊಳಗೆ ಸಿಕ್ಕಿತು. ಅದನ್ನು ಹಳೇ ಬೈಕ್ ಟ್ಯೂಬಿನೊಳಗೆ ತೂರಿಸಿ ಎರಡೂ ತುದಿ ತಂತಿಯಲ್ಲಿ ಬಿಗಿದೆ. ಬಂಡೆಗೆ ತಾಗಿದರೂ ಸದ್ದಿಲ್ಲ, ಸಿಕ್ಕಿಕೊಳ್ಳುವುದೂ ಕಡಿಮೆ. ಹಗ್ಗದ ತುದಿಯನ್ನು ಕವಲು ಮಾಡಿ ತೆಪ್ಪದ ಅಂಚಿಗೆ ಎರಡು ಕಡೆ ಕಟ್ಟಿದೆ, ಆ ಎರಡರ ನಡುವೆ ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ ಅಂತರ. ಸರಪಳಿ ತಳ ಸವರುತ್ತಾ ಹಿಂದೆ ಬರುತ್ತದೆ. ತೆಪ್ಪ ಹರಿವಿನ ಜೊತೆ ನಿಧಾನವಾಗಿ ಜಾರುತ್ತದೆ, ತಿರುಗುವುದಿಲ್ಲ. ಎರಡೂ ಕೈ ರಾಡಿಗೇ! ಕವಲಿಗೆ ಯಾವ ಗಂಟು, ಎಷ್ಟು ಉದ್ದ ಬಿಡಬೇಕು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹೊರದೇಶದಲ್ಲಿ ಬಾಸ್ ಮೀನಿಗೆ ಬಳಸುವ ಪೊಳ್ಳು ರಬ್ಬರ್ ಕಪ್ಪೆಯೇ ಇಲ್ಲೂ ನಡೆಯುತ್ತದೆ. ಜೋಡಿ ಕೊಕ್ಕೆ ಮೈಗೆ ಅಂಟಿಕೊಂಡಿರುವುದರಿಂದ ಜೊಂಡಿನ ಮೇಲೂ ಎಳೆಯಬಹುದು. ₹150ರದ್ದು ಸಾಕು. ₹500ರದ್ದೂ ತಂದು ನೋಡಿದೆ, ಕೊರಮೀನಿನ ಹಲ್ಲಿಗೆ ಎರಡೂ ಹರಿಯುತ್ತವೆ.

ಬೆಳಿಗ್ಗೆ 6ರಿಂದ 8 ಒಳ್ಳೆ ಹೊತ್ತು. ಹರಿದ್ರಾ ಹಳ್ಳ ತುಂಗಭದ್ರೆಗೆ ಸೇರುವ ಕಡೆಯಿಂದ ಕೆಳಗೆ ಹೋಗುತ್ತೇನೆ, ಅದಕ್ಕಿಂತ ಜಾಸ್ತಿ ಹೇಳಲಾರೆ. ಕೊರಮೀನು ಉಸಿರಿಗೆ ಮೇಲೆ ಬರಲೇಬೇಕು. ಜೊಂಡಿನ ಅಂಚಲ್ಲಿ ಗುಳುಕ್ ಅಂತ ಗುಳ್ಳೆ ಒಡೆದರೆ, ಅದರಾಚೆ ಎರಡಡಿ ದಾಟಿಸಿ ಎಸೆದು ಗುಳ್ಳೆಯ ಮೇಲೇ ಹಾಯಿಸುತ್ತೇನೆ. ನೀರು ಉಬ್ಬಿ ಬಂದು ಫಟ್ ಅಂತ ಹೊಡೆಯುತ್ತದೆ. ಆಗಲೇ ಜಗ್ಗಬೇಡಿ. ಕಪ್ಪೆ ಮುಳುಗಿ, ಲೈನ್ ಪಕ್ಕಕ್ಕೆ ಸರಿದು, ಭಾರ ಕೈಗೆ ಬರಲಿ. ಆಮೇಲೆ ಗಟ್ಟಿಯಾಗಿ ಒಂದೇ ಸಲ.

ನಡುವೆ ಮಂಡಕ್ಕಿಯನ್ನೂ ನೋಡಿದೆ. ಜೊಂಡಿಗಿಂತ ಮೇಲೆ, ಹರಿವು ಬರುವ ಕಡೆ ಒಂದು ಹಿಡಿ ಚೆಲ್ಲಿದರೆ ತೇಲಿ ಬಂದು ಅಂಚಿಗೆ ಅಂಟಿಕೊಳ್ಳುತ್ತದೆ. ಚಿಕ್ಕ ಮೀನು ಮುತ್ತುತ್ತವೆ, ಅರ್ಧ ಗಂಟೆಯಲ್ಲಿ ಅವನ್ನು ಅಟ್ಟಿಸಿಕೊಂಡು ಕೊರಮೀನೂ ಬಂದದ್ದುಂಟು. ಗಾಳಿ ಇದ್ದರೆ ಮಂಡಕ್ಕಿಯೆಲ್ಲ ಆಚೆ ದಡಕ್ಕೆ. ಸುಮ್ನೆ ದುಡ್ಡು ದಂಡ.

ಹಳೇ ತೆಪ್ಪ, ಅದಕ್ಕೆ ಡಾಂಬರು, ಲೈಫ್ ಜಾಕೆಟ್, ಸರಪಳಿ ಎಲ್ಲ ಸೇರಿ ₹5,000 ಆಸುಪಾಸು. ರಾಡ್, ರೀಲ್ ನನ್ನ ಹತ್ತಿರ ಇದ್ದವು. ಭದ್ರಾ ಅಥವಾ ಗಾಜನೂರು ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಬಂದರೆ ಹೊಳೆಗೆ ಇಳಿಯುವುದಿಲ್ಲ. ಮಳೆ ಹಿಡಿದ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಅಲ್ಲಿ ಎಸೆಯುವುದೂ ಇಲ್ಲ. ಕಾಯುವ ಮೀನನ್ನು ಎತ್ತಿದರೆ ಮರಿಗಳೆಲ್ಲ ಬೇರೆ ಮೀನಿನ ಪಾಲು. ಮುಂದೆ ಇದೇ ಸರಪಳಿಯನ್ನು ಸೂಳೆಕೆರೆಯಲ್ಲಿ ನೋಡಬೇಕು. ಅಲ್ಲಿ ಹರಿವಿಲ್ಲ, ಗಾಳಿಯೇ ತಳ್ಳಬೇಕು. 2 ಕಿಲೋದ್ದು ಸಾಕಾಗಬಹುದು.