ದ್ರಾಕ್ಷಿ ಎಲೆಯ ನರ ನೇಯ್ದ ಬಗೆ

4ರಿಂದ 7ನೇ ಶತಮಾನದವರೆಗಿನ ಈಜಿಪ್ಟಿನ ಅಂಗಿಗಳ ಮೇಲೆ ದ್ರಾಕ್ಷಿ ಬಳ್ಳಿ ಎಲ್ಲೆಡೆ ಹಬ್ಬಿದೆ: ಹೆಗಲಿನ ದುಂಡು ಚಿತ್ತಾರದಲ್ಲಿ, ಎದೆಯಿಂದಿಳಿಯುವ ಪಟ್ಟಿಯಲ್ಲಿ, ಮೊಣಕಾಲ ಬಳಿಯ ಚೌಕದಲ್ಲಿ. ಬೈಜಾಂಟೈನ್ ಆಳ್ವಿಕೆಯಲ್ಲಿದ್ದ ಆ ನಾಡಿನ ಅಖ್ಮೀಮ್, ಆಂಟಿನೊಪೊಲಿಸ್ ಸಮಾಧಿಗಳ ಒಣ ಮರಳು ಇವನ್ನು ಕಾಪಾಡಿತು. ಅಂಥದೊಂದು ಎಲೆಯನ್ನು ನಾನೂ ನೇಯ್ದು ನೋಡಲೇಬೇಕೆಂದು ಮಗ್ಗ ಹೂಡಿದೆ.

ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆ ಬಣ್ಣ ಹಾಕದ ಅಗಸೆ ನಾರಿನದು, ಅಡ್ಡ ಹಾಯಿಸುವ ಚಿತ್ತಾರದ ಹೊಕ್ಕು ಬಣ್ಣದ ಉಣ್ಣೆಯದು. ಅಗಸೆ ನಾರಿಗೆ ಬಣ್ಣ ಹಿಡಿಸುವುದು ಕಷ್ಟ, ಉಣ್ಣೆ ಸಲೀಸಾಗಿ ಹೀರಿಕೊಳ್ಳುತ್ತದೆ. ಆ ಬಟ್ಟೆಗಳ ನೇರಳೆ ಬಣ್ಣದಲ್ಲಿ ಬಹುಪಾಲು ಕಡಲ ಶಂಖದ ಹುಳುವಿನದಲ್ಲ. ನೀಲಿಯ ಮೇಲೆ ಮಂಜಿಷ್ಠ ಜಾತಿಯ ಬೇರಿನ ಕೆಂಪು ಹತ್ತಿಸಿದ್ದು. ನಾನೂ ಮೊದಲು ನೀಲಿಯಲ್ಲಿ ಅದ್ದಿ, ಪಟಿಕದ ನೀರಿನಲ್ಲಿ ನೆನೆಸಿ, ಆಮೇಲೆ ಮಂಜಿಷ್ಠದಲ್ಲಿ ಕಾಯಿಸಿದೆ. ಬಂದ ಬಣ್ಣ ಮಾಗಿದ ನೇರಳೆ ಹಣ್ಣಿನದು.

ಸಾದಾ ಬಟ್ಟೆಯನ್ನು ಒಂದೊಂದೇ ಎಳೆಯ ಮೇಲೆ ನೇಯ್ದು, ಎಲೆ ಶುರುವಾಗುವಲ್ಲಿ ಹಾಸಿನ ಎಳೆಗಳನ್ನು ಎರಡೆರಡು, ಮೂರು ಮೂರು ಕೂಡಿಸಿಕೊಂಡೆ. ಹಾಗೆ ಮಾಡಿದರೆ ಮಾತ್ರ ಉಣ್ಣೆ ಒತ್ತಾಗಿ ಕುಳಿತು ನಾರನ್ನು ಪೂರಾ ಮುಚ್ಚುತ್ತದೆ. ಆ ಅಂಗಿಗಳನ್ನು ಒಂದು ತೋಳಿನಿಂದ ಇನ್ನೊಂದು ತೋಳಿನ ಕಡೆಗೆ ನೇಯುತ್ತಿದ್ದರು. ಹಾಗಾಗಿ ಅಂಗಿ ತೊಟ್ಟಾಗ ನೆಟ್ಟಗಿರುವ ಬಳ್ಳಿಯ ಕಾಂಡ ಮಗ್ಗದ ಮೇಲೆ ಹೊಕ್ಕಿನುದ್ದಕ್ಕೂ ಮಲಗಿರುತ್ತದೆ. ಇದರ ಲಾಭ ದೊಡ್ಡದು. ಕಾಂಡ ಹಾಸಿನ ಗುಂಟ ಸಾಗಿದ್ದರೆ ಎರಡು ಬಣ್ಣಗಳ ನಡುವೆ ಉದ್ದನೆಯ ಸೀಳು ಬಿಡುತ್ತಿತ್ತು. ತುಸು ಬಾಗಬೇಕಾದಲ್ಲಿ ಹೊಕ್ಕನ್ನು ಓರೆಯಾಗಿ ಹಾಯಿಸಿ, ಹಣಿಗೆ ಬಿಟ್ಟು ಬೆರಳ ತುದಿಯಿಂದಲೇ ಒತ್ತಿದೆ.

ನನ್ನ ಮನಸ್ಸು ಸೆಳೆದದ್ದು ನರಗಳು. ನೇರಳೆ ಬಣ್ಣದ ಎಲೆಯೊಳಗೆ ಕೂದಲೆಳೆಯಂಥ ಬಿಳಿ ಗೆರೆಗಳು. ನೋಡಿದವರು ಕಸೂತಿ ಎನ್ನುತ್ತಾರೆ. ಅದು ಕಸೂತಿಯಲ್ಲ. ಪುಟ್ಟ ಕಡ್ಡಿಗೆ ಸುತ್ತಿದ ತೆಳು ನಾರೆಳೆ ಉಣ್ಣೆಯ ಜೊತೆಜೊತೆಗೇ ಏರುತ್ತದೆ: ಉಣ್ಣೆಯ ಕೆಲವು ಸಾಲು, ನಾರೆಳೆ ಅವುಗಳ ಮೇಲೆ ಓರೆಯಾಗಿ ಹಾದು ಪಕ್ಕದ ಹಾಸನ್ನು ಸುತ್ತಿಕೊಳ್ಳುತ್ತದೆ, ಮತ್ತೆ ಉಣ್ಣೆ. ಎಲೆಯ ಐದೂ ಹಾಲೆಗಳಿಗೆ ಬೇರೆ ಬೇರೆ ಕಡ್ಡಿ ಬೇಕು. ನರ ಎಲ್ಲಿ ಕವಲೊಡೆಯಬೇಕೆಂಬುದನ್ನು ಆ ಸಾಲಿನಲ್ಲೇ ತೀರ್ಮಾನಿಸಬೇಕು, ಮೇಲೆ ನಾಲ್ಕು ಸಾಲು ಕುಳಿತ ನಂತರ ಬಿಚ್ಚದೆ ತಿದ್ದಲಾಗದು.