ಫಿಟ್ಸ್ ಬರುವ ಮಗುವಿಗೆ ಸ್ಟೆರಾಯ್ಡ್ ಬರೆದುಕೊಟ್ಟರೆ

ಗಂಗಾವತಿಯಲ್ಲಿ ನನ್ನದೊಂದು ಔಷಧಿ ಅಂಗಡಿ. ಫಿಟ್ಸ್ ಬಂದ ಮಗುವಿನ ಚೀಟಿ ತರುವವರು ತಪ್ಪದೆ ಕೇಳುತ್ತಾರೆ: ‘ಫಿಟ್ಸಿಗೆ ಸಿರಪ್ ಇದೆಯಲ್ಲ, ಸ್ಟೆರಾಯ್ಡ್ ಯಾಕೆ?’

ಎರಡರ ಕೆಲಸವೂ ಬೇರೆ. ವಾಲ್‌ಪ್ರೊಯೇಟ್, ಲೆವೆಟಿರಾಸಿಟಾಮ್‌ನಂಥ ಫಿಟ್ಸಿನ ಔಷಧಿಗಳು ನರಕೋಶಗಳ ಅಬ್ಬರವನ್ನು ತಡೆಯುತ್ತವೆ. ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಉರಿಯೂತವನ್ನು ತಗ್ಗಿಸುತ್ತದೆ. ರೋಗನಿರೋಧಕ ವ್ಯವಸ್ಥೆ ಮೆದುಳಿನೊಳಗೆ ಕೆರಳಿದರೆ ಅಲ್ಲಿನ ಕಾವಲು ಕೋಶಗಳು ಇಂಟರ್‌ಲ್ಯೂಕಿನ್‌ನಂಥ ರಾಸಾಯನಿಕಗಳನ್ನು ಹೊರಬಿಡುತ್ತವೆ. ಫಿಟ್ಸ್ ಸುಲಭವಾಗಿ ಬರತೊಡಗುತ್ತದೆ, ಫಿಟ್ಸ್ ಬಂದಂತೆ ಉರಿಯೂತವೂ ಏರುತ್ತದೆ. ಎಲ್ಲ ಮಕ್ಕಳಲ್ಲೂ ಹೀಗಲ್ಲ. ವಂಶವಾಹಿಯ ದೋಷ, ಹೆರಿಗೆಯ ಹೊತ್ತಿನ ಆಮ್ಲಜನಕದ ಕೊರತೆಯೂ ಕಾರಣವಾಗಬಹುದು. ಪಕ್ಕದ ಮನೆಯ ಚೀಟಿ ತೋರಿಸಿ ಮಾತ್ರೆ ಕೇಳಬೇಡಿ.

ಮೆದುಳಿನ ಸ್ಕ್ಯಾನಿನಲ್ಲಿ ಉಂಗುರದಂಥ ಗುರುತು ಕಂಡರೆ ಅದು ಲಾಡಿಹುಳುವಿನ ಮರಿ ಕೂತ ಗುಳ್ಳೆಯಿರಬಹುದು. ಕ್ಷಯದ ಗಡ್ಡೆಯೂ ಹಾಗೆಯೇ ಕಾಣುತ್ತದೆ, ಅದನ್ನು ವೈದ್ಯರೇ ಬೇರ್ಪಡಿಸಬೇಕು. ಹುಳು ಬದುಕಿರುವಾಗ ಸುಮ್ಮನಿದ್ದ ದೇಹ, ಅದು ಸಾಯತೊಡಗಿದಾಗ ಮುಗಿಬೀಳುತ್ತದೆ. ಸುತ್ತ ಬಾವು ಬರುತ್ತದೆ, ಆ ಬಾವಿನಿಂದ ಫಿಟ್ಸ್. ‘ನಾವು ಮಾಂಸ ಮುಟ್ಟುವವರೇ ಅಲ್ಲ’ ಎಂದು, ಈ ಹುಳು ಮಾಂಸದಿಂದಲೇ ಬರುತ್ತದೆಂದುಕೊಂಡ ಹಿರಿಯರೊಬ್ಬರು ನನ್ನೊಡನೆ ಜಗಳಕ್ಕೇ ನಿಂತಿದ್ದರು. ಆದರೆ ಇದರ ಮೊಟ್ಟೆಗಳು ಬರುವುದು ಲಾಡಿಹುಳು ಇರುವವರ ಮಲದಿಂದ, ತೊಳೆಯದ ಕೈ, ನೀರು, ಹಸಿ ಸೊಪ್ಪಿನ ಮೂಲಕ. ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಮೆಂತ್ಯ, ಈರುಳ್ಳಿ ತಪ್ಪಲನ್ನು ಹರಿಯುವ ನೀರಿನಲ್ಲಿ ಎಲೆ ಬಿಡಿಸಿ ತೊಳೆಯಿರಿ.

ಹುಳುವಿನ ಮಾತ್ರೆ ಆಲ್ಬೆಂಡಜೋಲನ್ನು ನೀವೇ ಕೇಳಿ ಪಡೆಯುವುದು ಅಪಾಯ. ಮೆದುಳಿನಲ್ಲಿ ಹುಳುಗಳು ಒಮ್ಮೆಲೇ ಸತ್ತರೆ ಬಾವು ಹೆಚ್ಚುತ್ತದೆ. ಅದಕ್ಕೇ ವೈದ್ಯರು ಜೊತೆಗೆ ಸ್ಟೆರಾಯ್ಡ್ ಬರೆಯುವುದು. ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಡುವ ದಿನ ಬಂದರೂ ವೈದ್ಯರನ್ನು ಕೇಳಿಕೊಳ್ಳಿ.

ಸ್ಟೆರಾಯ್ಡನ್ನು ಸಾಮಾನ್ಯವಾಗಿ ಬೆಳಿಗ್ಗೆ ತಿಂಡಿಯಾದ ಮೇಲೆ ಕೊಡಬೇಕು. ಚೀಟಿಯಲ್ಲಿ ಹೇಳಿದಂತೆ ಯಾವ ವಾರ ಎಷ್ಟು ಎಂದು ನಾನು ಕವರಿನ ಮೇಲೆ ಬರೆದುಕೊಡುತ್ತೇನೆ: ಎರಡು, ಒಂದೂವರೆ, ಒಂದು, ಅರ್ಧ. ಅದನ್ನು ಗೋಡೆಯ ಕ್ಯಾಲೆಂಡರಿಗೆ ಇಳಿಸಿಕೊಳ್ಳಿ. ವಾರಗಟ್ಟಲೆ ಕೊಟ್ಟ ಸ್ಟೆರಾಯ್ಡನ್ನು ಥಟ್ಟನೆ ನಿಲ್ಲಿಸಿದರೆ ವಾಂತಿ, ನಿತ್ರಾಣವಾಗುತ್ತದೆ, ರಕ್ತದೊತ್ತಡ ಕುಸಿಯಬಹುದು. ದೇಹ ತಾನೇ ತಯಾರಿಸುವ ಸ್ಟೆರಾಯ್ಡ್ ಅಷ್ಟರಲ್ಲಿ ಕಡಿಮೆಯಾಗಿರುತ್ತದೆ. ಸ್ಟೆರಾಯ್ಡ್ ಕೊಡುತ್ತಿರುವಾಗ ಹಸಿವು, ಹಠ ಹೆಚ್ಚುತ್ತವೆ, ಮುಖ ಊದುತ್ತದೆ. ಮೊಮ್ಮಗು ಮೈದುಂಬಿಕೊಂಡಿತೆಂದು ಅಜ್ಜಿಯರಿಗೆ ಸಂಭ್ರಮ! ಜ್ವರ ಬಂದರೆ, ಅಮ್ಮ (ಚಿಕನ್‌ಪಾಕ್ಸ್) ಬಿದ್ದವರ ಹತ್ತಿರ ಮಗು ಆಡಿದ್ದರೆ, ಲಸಿಕೆಯ ದಿನ ಬಂದರೆ ವೈದ್ಯರಿಗೆ ತಿಳಿಸಿ.

ಫಿಟ್ಸ್ ಜೊತೆಗೆ ಮಗು ಮಾತು ಬಿಟ್ಟರೆ, ನಿದ್ದೆಗೆಟ್ಟು ವಿಚಿತ್ರವಾಗಿ ವರ್ತಿಸಿದರೆ ಗಾಳಿ ಸೋಕಿದೆ ಎಂದು ತಾಯಿತಕ್ಕೆ ಅಲೆಯಬೇಡಿ. ದೇಹದ ಪ್ರತಿಕಾಯಗಳೇ ಮೆದುಳಿನ ಮೇಲೆ ತಿರುಗಿಬೀಳುವ ಕಾಯಿಲೆಯೊಂದನ್ನು 2007ರಲ್ಲಿ ಗುರುತಿಸಲಾಯಿತು. ಬೇಗ ಹಿಡಿದರೆ ಚಿಕಿತ್ಸೆಯಿದೆ.

ಫಿಟ್ಸ್ ಬಂದಾಗ ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ ಬೇಡ, ಕೈಗೆ ಬೀಗದ ಕೈಯೂ ಬೇಡ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಮಿಡಜೋಲಾಮ್ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದರೆ ಹೇಳಿದ ಪ್ರಮಾಣದಲ್ಲಿ ಹಾಕಿ.

ಸಿರಪ್ ತಳ ಕಾಣುವ ಮುಂಚೆಯೇ ಹಳೆಯ ಬಾಟಲಿ ಹಿಡಿದು ಅಂಗಡಿಗೆ ಬನ್ನಿ. ಹೆಸರು ಒಂದೇ ಇದ್ದರೂ ಒಂದು ಮಿಲಿಲೀಟರಿನಲ್ಲಿರುವ ಔಷಧಿಯ ಪ್ರಮಾಣ ಕಂಪನಿಯಿಂದ ಕಂಪನಿಗೆ ಬದಲಾಗಬಹುದು.